ಅಗ್ಗದ ವಿಮಾನದಲ್ಲಿ ಹೋದರೆ ನಿಜಕ್ಕೂ ಹಣ ಉಳಿಯುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಳಗದಲ್ಲಿ ಯಾರಿಗೆ ವಿಮಾನದ ಟಿಕೆಟ್ ಬೇಕಾದರೂ ಫೋನು ಬರುವುದು ನನಗೆ. ಹುಬ್ಬಳ್ಳಿಯ ಚಿಕ್ಕಪ್ಪ, ಮಂಗಳೂರಿನ ಬೀಗರು, ದುಬೈಯಲ್ಲಿರುವ ಅಕ್ಕನ ಮಗ, ಜರ್ಮನಿಯಲ್ಲಿ ಓದುತ್ತಿರುವ ತಂಗಿಯ ಮಗಳು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಒಂದೇ ಮಾತು: ಅಗ್ಗದ್ದು ತೆಗೆದುಕೊಂಡು ಆಮೇಲೆ ಪರದಾಡುವಂತಾದರೆ? ಇಷ್ಟು ವರ್ಷ ಒಬ್ಬೊಬ್ಬರಿಗೆ ಒಂದೊಂದಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಚುಟುಕಾಗಿ ಹೇಳಿ. ಲಾಭವೇ, ನಷ್ಟವೇ?

ಸಾಮಾನು ಕಡಿಮೆ, ವಿಮಾನ ನೇರ, ಅರ್ಧ ದಿನ ತಡವಾದರೂ ಕೆಡದ ಕೆಲಸ. ಇವು ಮೂರೂ ಕೂಡಿಬಂದರೆ ಲಾಭವೇ, ಯೋಚಿಸದೆ ತೆಗೆದುಕೊಳ್ಳಿ. ಒಂದು ತಪ್ಪಿದರೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಎರಡು ತಪ್ಪಿದರೆ ನಾನಂತೂ ಬೇರೆ ದಾರಿ ಹುಡುಕುತ್ತೇನೆ.

ಟಿಕೆಟ್ ಸುಮ್ಮನೆ ಅಗ್ಗವಾಗುವುದಿಲ್ಲ. ಊಟ, ಸಾಮಾನು, ಕೂರುವ ಜಾಗ, ಮುಂದಿನ ವಿಮಾನ ತಪ್ಪಿದರೆ ಇನ್ನೊಂದಕ್ಕೆ ಹತ್ತಿಸುವುದು, ಇವೆಲ್ಲ ಹಿಂದೆ ಕಂಪನಿಯ ಹೊಣೆಯಾಗಿದ್ದವು. ಬಜೆಟ್ ಟಿಕೆಟಿನಲ್ಲಿ ಅವು ನಮ್ಮ ಹೆಗಲಿಗೆ ಬರುತ್ತವೆ. ಆ ಹೊರೆ ಹೊತ್ತದ್ದಕ್ಕೆ ನಮಗೆ ಸಿಗುವ ಕೂಲಿಯೇ ಉಳಿತಾಯ. ಹೊರೆ ಹಗುರವಾಗಿದ್ದಾಗ ಆ ಕೂಲಿ ಚೆನ್ನಾಗಿಯೇ ಇರುತ್ತದೆ.

ನಮ್ಮ ದೇಶದಲ್ಲಿ ಬಜೆಟ್ ವಿಮಾನ ಎಂದರೆ ಯಾವುವು? ಆಯ್ಕೆ ನಿಜಕ್ಕೂ ಇದೆಯೇ?

2005ರಲ್ಲಿ ಹಾರತೊಡಗಿದ ಸ್ಪೈಸ್‌ಜೆಟ್, 2006ರ ಇಂಡಿಗೋ, 2022ರ ಆಕಾಸ, ಜೊತೆಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್. ಊಟ ಕೊಟ್ಟು ಉಪಚರಿಸುತ್ತಿದ್ದ ಪೂರ್ಣ ಸೇವೆಯ ಕಂಪನಿಗಳಲ್ಲಿ ಕಿಂಗ್‌ಫಿಶರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರಲ್ಲಿ ನಿಂತಿತು, ವಿಸ್ತಾರ 2024ರ ನವೆಂಬರಿನಲ್ಲಿ ಏರ್ ಇಂಡಿಯಾದೊಳಗೆ ಸೇರಿಹೋಯಿತು. ದೊಡ್ಡ ಪೂರ್ಣ ಸೇವೆಯ ಕಂಪನಿಯಾಗಿ ಉಳಿದಿರುವುದು ಏರ್ ಇಂಡಿಯಾ ಒಂದೇ. ದೇಶದೊಳಗೆ ಹಾರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಂಡಿಗೋ ಒಂದರಲ್ಲಿಯೇ ಹೋಗುತ್ತಾರೆ.

ಹಾಗಾಗಿ 'ಅಗ್ಗದ್ದೋ ದುಬಾರಿಯದೋ' ಎಂಬ ಪ್ರಶ್ನೆ ಬೆಂಗಳೂರು–ದೆಹಲಿ, ಬೆಂಗಳೂರು–ಮುಂಬೈಯಂಥ ದೊಡ್ಡ ಮಾರ್ಗಗಳಲ್ಲಿ ಮಾತ್ರ ಏಳುತ್ತದೆ. ಉಳಿದ ಕಡೆ ನಿಜವಾದ ಹೋಲಿಕೆ ರೈಲು ಮತ್ತು ರಾತ್ರಿ ಬಸ್ಸಿನ ಜೊತೆಗೆ. ಅದನ್ನು ಮುಂದೆ ಹೇಳುತ್ತೇನೆ.

ಇಷ್ಟು ಕಡಿಮೆ ದರಕ್ಕೆ ಅವರು ಹೇಗೆ ಹಾರಿಸುತ್ತಾರೆ?

ಈ ಕಥೆ ನಮ್ಮದೇ ನೆಲದ್ದು. ಸೇನೆಯಿಂದ ಹೊರಬಂದು ಹಾಸನ ಜಿಲ್ಲೆಯಲ್ಲಿ ಬೇಸಾಯ ಮಾಡಿದ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಕಟ್ಟಿದರು. ಒಂದು ರೂಪಾಯಿಯ ಟಿಕೆಟ್ ಮಾರಿದ್ದು ಆ ಕಂಪನಿಯೇ. ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ' ಅದರ ಗುರುತಾಗಿದ್ದ. ಕೆಲವೇ ವರ್ಷಗಳಲ್ಲಿ ಅದು ಕಿಂಗ್‌ಫಿಶರ್‌ನಲ್ಲಿ ಕರಗಿತು. ಆದರೆ ಚಪ್ಪಲಿ ಹಾಕಿಕೊಂಡವನೂ ವಿಮಾನ ಹತ್ತಬಹುದೆಂಬ ಧೈರ್ಯವನ್ನು ಜನರಲ್ಲಿ ಬಿತ್ತಿ ಹೋಯಿತು. ಇದಕ್ಕಾಗಿ ನನಗೆ ಆ ಕಂಪನಿಯ ಮೇಲೆ ಇವತ್ತಿಗೂ ಗೌರವವಿದೆ.

ಲೆಕ್ಕ ಸರಳ. ನೆಲದ ಮೇಲೆ ನಿಂತ ವಿಮಾನ ಕಾಸು ತರುವುದಿಲ್ಲ. ಒಂದೇ ಬಗೆಯ ವಿಮಾನಗಳನ್ನು ಇಟ್ಟುಕೊಂಡರೆ ಪೈಲಟ್‌ಗಳ ತರಬೇತಿ, ಬಿಡಿಭಾಗ, ದುರಸ್ತಿ ಎಲ್ಲದರ ಖರ್ಚೂ ಇಳಿಯುತ್ತದೆ. ಇಳಿದ ಅರ್ಧ ಗಂಟೆಯ ಆಸುಪಾಸಿನಲ್ಲಿ ಗುಡಿಸಿ, ಇಂಧನ ತುಂಬಿ, ಮತ್ತೆ ಹಾರಿಸುತ್ತಾರೆ. ಒಂದೇ ವಿಮಾನ ಬೆಳಗಿನಿಂದ ರಾತ್ರಿಯವರೆಗೆ ಐದಾರು ಊರು ಸುತ್ತುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ಅಚ್ಚುಕಟ್ಟಾದ ವ್ಯಾಪಾರ. ಆದರೆ ಬೆಳಿಗ್ಗೆ ನಲವತ್ತು ನಿಮಿಷ ತಡವಾದರೆ ಅದನ್ನು ಸರಿದೂಗಿಸಲು ದಿನವಿಡೀ ಬಿಡುವೇ ಇರುವುದಿಲ್ಲ. ಸಂಜೆಯ ವಿಮಾನಕ್ಕೆ ಕಾದು ಕುಳಿತವರ ತಲೆಯ ಮೇಲೆ ಅದು ಬಂದು ಬೀಳುತ್ತದೆ.

ಪರದೆಯ ಮೇಲೆ ಕಾಣುವ ದರಕ್ಕೂ ಕೊನೆಗೆ ಕೈಯಿಂದ ಹೋಗುವ ಹಣಕ್ಕೂ ಎಷ್ಟು ಅಂತರ?

ಒಂದು ಕಲ್ಪಿತ ಲೆಕ್ಕ ನೋಡಿ. ಬೆಂಗಳೂರಿನ ಬನಶಂಕರಿಯ ಮನೆಯಿಂದ ದೆಹಲಿಗೆ ಒಬ್ಬರು ಹೊರಟಿದ್ದಾರೆ. ಬಜೆಟ್ ವಿಮಾನಕ್ಕೆ 5,200 ರೂಪಾಯಿ, ಊಟವಿರುವ ವಿಮಾನಕ್ಕೆ 6,100. ಉಳಿತಾಯ 900. ಬಜೆಟ್ ವಿಮಾನದಲ್ಲಿ ಕಿಟಕಿಯ ಸೀಟಿಗೆ 300, ಉಪ್ಪಿಟ್ಟು-ಕಾಫಿಗೆ 350 ಕೊಟ್ಟರು ಎನ್ನಿ. ಉಳಿದದ್ದು 250. ಆ ಅಗ್ಗದ ವಿಮಾನ ಹೊರಡುವುದು ಬೆಳಗಿನ ಐದೂವರೆಗೆ. ಹಾಗಾದರೆ ರಾತ್ರಿ ಎರಡೂವರೆಗೆ ಮನೆ ಬಿಡಬೇಕು. ಹಗಲಿನಲ್ಲಾದರೆ ವಾಯು ವಜ್ರ ಬಸ್ಸಿನಲ್ಲಿ ಮುನ್ನೂರು ಚಿಲ್ಲರೆಯಲ್ಲಿ ಮುಗಿಯುತ್ತಿದ್ದ ದಾರಿಗೆ ಆ ಹೊತ್ತಿನಲ್ಲಿ ಟ್ಯಾಕ್ಸಿಗೆ ಸಾವಿರಕ್ಕೂ ಮೇಲೆ ತೆರುತ್ತಾರೆ. ಉಳಿತಾಯ ವಿಮಾನ ನಿಲ್ದಾಣವಿರುವ ದೇವನಹಳ್ಳಿ ಮುಟ್ಟುವ ಮೊದಲೇ ಖರ್ಚಾಗಿದೆ, ನಿದ್ದೆಯೂ ಹೋಗಿದೆ.

ಅದೇ ಪ್ರಯಾಣಿಕ ಸೀಟು ಕೊಳ್ಳದೆ, ಮನೆಯ ಚಪಾತಿ-ಪಲ್ಯ ಕಟ್ಟಿಕೊಂಡು, ಹನ್ನೊಂದು ಗಂಟೆಯ ವಿಮಾನಕ್ಕೆ ಬಸ್ಸಿನಲ್ಲಿ ಹೋದರೆ 900 ರೂಪಾಯಿ ಪೂರ್ತಿ ಅವರ ಜೇಬಿನಲ್ಲಿಯೇ ಉಳಿಯುತ್ತದೆ. ನಾಲ್ಕು ಜನರ ಸಂಸಾರಕ್ಕೆ ಹೋಗಿಬರುವ ಲೆಕ್ಕ ಹಾಕಿದರೆ 7,200. ಅದು ಸಣ್ಣ ಮೊತ್ತವಲ್ಲ. ಲೆಕ್ಕವನ್ನು ಯಾವಾಗಲೂ ಮನೆಯ ಹೊಸ್ತಿಲಿನಿಂದ ತಲುಪಬೇಕಾದ ಮನೆಯ ಹೊಸ್ತಿಲಿನವರೆಗೆ ಹಾಕಿ.

ಹಣ ಕಟ್ಟುವ ಮುನ್ನ ಪಟ್ಟಿಯನ್ನು ಒಮ್ಮೆ ಮೇಲಿನಿಂದ ಓದಿ. ವಿಮೆ, ದೇಣಿಗೆ, 'ಬೇಗ ಹತ್ತುವ ಸೌಲಭ್ಯ' ಮೊದಲಾದವು ಕೇಳದೆಯೇ ಸೇರಿಕೊಂಡಿರಬಹುದು. ಗ್ರಾಹಕ ಕೇಳದ ವಸ್ತುವನ್ನು ಬುಟ್ಟಿಗೆ ತುರುಕುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿಯೇ ತಪ್ಪೆಂದು ಸಾರಿದೆ. ಆದರೂ ಕಣ್ಣು ನಿಮ್ಮದಿರಲಿ.

ಸಾಮಾನಿನ ವಿಷಯದಲ್ಲಿ ಎಲ್ಲಿ ಏಟು ಬೀಳುತ್ತದೆ?

ದೇಶದೊಳಗಿನ ಸಾಮಾನ್ಯ ಟಿಕೆಟಿನಲ್ಲಿ ಒಳಗೆ ಹಾಕುವ ಪೆಟ್ಟಿಗೆಗೆ 15 ಕಿಲೋ, ಕೈಚೀಲಕ್ಕೆ 7 ಕಿಲೋ. ಪೆಟ್ಟಿಗೆಯೇ ಇಲ್ಲದ, ಕೈಚೀಲಕ್ಕೆ ಮಾತ್ರ ಅವಕಾಶವಿರುವ ಇನ್ನೂ ಅಗ್ಗದ ಟಿಕೆಟುಗಳೂ ಇವೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 'ಲೈಟ್' ಅಂಥದ್ದು. ಎರಡು ದಿನದ ಕೆಲಸಕ್ಕೆ ಹೋಗುವವರಿಗೆ ಅದು ಬಹಳ ಒಳ್ಳೆಯದು. ಮಗಳ ಬಾಣಂತನಕ್ಕೆ ಹೊರಟ ತಾಯಿಗೆ ಅದನ್ನು ತೆಗೆದುಕೊಟ್ಟರೆ ಪಾಪ ತಗಲುತ್ತದೆ.

ಹೆಚ್ಚಿನ ತೂಕಕ್ಕೆ ಕೌಂಟರಿನಲ್ಲಿ ಕಿಲೋಗೆ ಐನೂರು ರೂಪಾಯಿಗೂ ಮೇಲೆ ಕೇಳುತ್ತಾರೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೆಂತ್ಯದ ಹಿಟ್ಟು ಎಂದು ತುಂಬಿದ ಆರು ಕಿಲೋಗೆ ಮೂರು ಸಾವಿರಕ್ಕೂ ಮೇಲೆ ತೆತ್ತವರನ್ನು ಕಣ್ಣಾರೆ ಕಂಡಿದ್ದೇನೆ. ಅದೇ ತೂಕವನ್ನು ಮೊದಲೇ ಮೊಬೈಲಿನಲ್ಲಿ ಕೊಂಡರೆ ಸಾಕಷ್ಟು ಕಡಿಮೆ. ಮನೆಯಲ್ಲಿಯೇ ತೂಗಿ. ತೂಗುಕೊಕ್ಕೆ ಇಲ್ಲದಿದ್ದರೆ ಬೀದಿಯ ದಿನಸಿ ಅಂಗಡಿಯವರು ತೂಗಿ ಕೊಡುತ್ತಾರೆ.

ನಮ್ಮವರು ಎಡವುವ ಇನ್ನೊಂದು ಕಡೆ ತೆಂಗಿನಕಾಯಿ. ಹಸಿ ಇಡೀ ಕಾಯಿಯನ್ನು ಪೆಟ್ಟಿಗೆಯಲ್ಲಿ ಹಾಕಬಹುದು, ಕೈಚೀಲದಲ್ಲಿ ಒಯ್ಯುವಂತಿಲ್ಲ. ಶಬರಿಮಲೆಗೆ ಹೋಗುವವರ ಇರುಮುಡಿಗೆಂದು 2024ರ ಅಕ್ಟೋಬರಿನಲ್ಲಿ ವಿಶೇಷ ಅನುಮತಿ ಕೊಟ್ಟಿದ್ದು ಸಾಮಾನ್ಯ ದಿನಗಳಲ್ಲಿ ಅನುಮತಿ ಇಲ್ಲದ ಕಾರಣಕ್ಕೇ. ಒಣ ಕೊಬ್ಬರಿಯಂತೂ ಎರಡರಲ್ಲಿಯೂ ನಿಷಿದ್ಧ. ಅದರಲ್ಲಿರುವ ಎಣ್ಣೆಯಿಂದಾಗಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಸಾಲಿಗೆ ಅದು ಸೇರಿದೆ. ತಿಪಟೂರಿನ ಕೊಬ್ಬರಿಯನ್ನು ಪ್ರೀತಿಯಿಂದ ಕಟ್ಟಿಕೊಂಡು ಬಂದು ತಪಾಸಣೆಯಲ್ಲಿ ಬಿಟ್ಟು ಹೋಗುವ ಹಿರಿಯರನ್ನು ನೋಡಿದರೆ ಹೊಟ್ಟೆ ಚುರುಕ್ ಎನ್ನುತ್ತದೆ. ಪವರ್ ಬ್ಯಾಂಕ್ ಇದಕ್ಕೆ ತಿರುಗುಮುರುಗು: ಕೈಚೀಲದಲ್ಲಿಯೇ ಇರಬೇಕು, ಪೆಟ್ಟಿಗೆಯಲ್ಲಿ ಇಡಬಾರದು.

ಸೀಟಿಗೆ ದುಡ್ಡು ಕೊಡಲೇಬೇಕೇ?

ಇಲ್ಲ. ಕೊಡದಿದ್ದರೆ ಅವರೇ ಒಂದು ಸೀಟು ಕೊಡುತ್ತಾರೆ, ಬಹುಮಟ್ಟಿಗೆ ನಡುವಿನದು. ವೆಬ್ ಚೆಕ್-ಇನ್ ಮಾಡುವಾಗ ಎಲ್ಲ ಸೀಟಿಗೂ ಬೆಲೆ ನಮೂದಾಗಿರುವುದನ್ನು ನೋಡಿ ಗಾಬರಿಯಾಗಿ ಹಣ ಕಟ್ಟುವವರೇ ಹೆಚ್ಚು. 'ಬಿಟ್ಟು ಮುಂದೆ ಹೋಗಿ' ಎಂಬ ಸಣ್ಣಕ್ಷರದ ಗುಂಡಿಯನ್ನು ಹುಡುಕಿ. ಹನ್ನೆರಡು ವರ್ಷದೊಳಗಿನ ಮಗುವನ್ನು ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಇರುವ ತಂದೆ ಅಥವಾ ತಾಯಿಯ ಪಕ್ಕದಲ್ಲಿ ಕೂರಿಸಬೇಕೆಂದು ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರ ಏಪ್ರಿಲ್‌ನಲ್ಲಿ ಹೇಳಿದೆ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಮುದ್ರಿಸಿಕೊಡಲು ಹಣ ಕೇಳಬಾರದೆಂಬ ವಿಮಾನಯಾನ ಸಚಿವಾಲಯದ ಆದೇಶ 2022ರ ಜುಲೈನದು.

ಬಜೆಟ್ ವಿಮಾನ ಯಾವಾಗಲೂ ತಡವೇ?

ಯಾವಾಗಲೂ ಅಲ್ಲ. ಇಂಡಿಗೋ ತನ್ನ ಹೆಸರು ಕಟ್ಟಿಕೊಂಡದ್ದೇ ಸಮಯಪಾಲನೆಯಿಂದ. ಆದರೆ ಹಗ್ಗವನ್ನು ಬಹಳ ಬಿಗಿಯಾಗಿ ಎಳೆದರೆ ಏನಾಗುತ್ತದೆ ಎಂಬುದನ್ನು 2025ರ ಡಿಸೆಂಬರ್ ಮೊದಲ ವಾರ ದೇಶವೇ ಕಂಡಿತು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕಷ್ಟು ಸಿದ್ಧತೆ ಇರಲಿಲ್ಲ. ಇಂಡಿಗೋ ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ರದ್ದು ಮಾಡಿತು. ಉಳಿದ ಕಂಪನಿಗಳ ದರ ಗಗನಕ್ಕೇರಿ, ಸರ್ಕಾರ ದೂರಕ್ಕೆ ತಕ್ಕಂತೆ ಮಿತಿ ಹಾಕಬೇಕಾಯಿತು. ಮದುವೆಯ ತಿಂಗಳು ಅದು. ವಿಮಾನ ನಿಲ್ದಾಣದ ನೆಲದ ಮೇಲೆ ಸಾಮಾನಿಗೆ ಒರಗಿ ಮಲಗಿದವರ ಚಿತ್ರಗಳನ್ನು ನಾನು ಮರೆತಿಲ್ಲ. ಪೈಲಟ್‌ಗಳಿಗೆ ವಿಶ್ರಾಂತಿ ಬೇಕೇ ಬೇಕು, ಅದು ನಮ್ಮ ಜೀವದ ಪ್ರಶ್ನೆ. ತಪ್ಪು ನಿಯಮದ್ದಲ್ಲ, ಸಿದ್ಧತೆಯದು.

ನಮ್ಮ ಕೈಯಲ್ಲಿರುವುದು ಹೊತ್ತಿನ ಆಯ್ಕೆ. ವರ್ಷದ ಬಹುಪಾಲು ಬೆಳಗಿನ ಮೊದಲ ವಿಮಾನಗಳೇ ಮೇಲು, ಏಕೆಂದರೆ ಆ ವಿಮಾನ ರಾತ್ರಿಯೇ ಬಂದು ನಿಂತಿರುತ್ತದೆ. ಆದರೆ ನವೆಂಬರಿನಿಂದ ಫೆಬ್ರುವರಿಯವರೆಗೆ ದೇವನಹಳ್ಳಿಯಲ್ಲಿ ನಸುಕಿಗೆ ಮಂಜು ಕವಿಯುತ್ತದೆ. ದೆಹಲಿಯ ಮಂಜು ಇನ್ನೂ ದಟ್ಟ. ಆ ತಿಂಗಳುಗಳಲ್ಲಿ ನಾನು ಬಿಸಿಲು ಬಂದ ಮೇಲಿನ, ಹತ್ತು-ಹನ್ನೊಂದರ ವಿಮಾನ ಹುಡುಕುತ್ತೇನೆ. ಮುಹೂರ್ತ, ಸಂದರ್ಶನ, ಶಸ್ತ್ರಚಿಕಿತ್ಸೆ, ಪರೀಕ್ಷೆ ಇದ್ದರೆ ಹಿಂದಿನ ದಿನವೇ ಹೋಗಿ. ಆ ಒಂದು ರಾತ್ರಿಯ ಕೋಣೆಯ ಬಾಡಿಗೆಯನ್ನೂ ಟಿಕೆಟಿನ ಲೆಕ್ಕಕ್ಕೆ ಸೇರಿಸಿ.

ತಡವಾದರೆ ಅಥವಾ ರದ್ದಾದರೆ ಅಗ್ಗದ ಟಿಕೆಟಿನವರಿಗೆ ಹಕ್ಕು ಕಡಿಮೆಯೇ?

ಕಡಿಮೆಯಲ್ಲ. ಡಿಜಿಸಿಎ ನಿಯಮ ಟಿಕೆಟಿನ ದರ ನೋಡಿ ಬದಲಾಗುವುದಿಲ್ಲ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆಗಿಂತ ಹೆಚ್ಚು ತಡವಾದರೆ ಊಟ-ತಿಂಡಿ ಕೊಡಬೇಕು. ಆರು ಗಂಟೆ ದಾಟಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ಕೇಳಬಹುದು. ರಾತ್ರಿ ಎಂಟರಿಂದ ನಸುಕಿನ ಮೂರರೊಳಗೆ ಹೊರಡಬೇಕಾದ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ಕೋಣೆಯೂ ಅವರದೇ. ಸಮಯಕ್ಕೆ ತಿಳಿಸದೆ ರದ್ದು ಮಾಡಿದರೆ ಹಾರಾಟದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000 ರೂಪಾಯಿ, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅಷ್ಟು ಪರಿಹಾರ. ಹವಾಮಾನದಂಥ ಕೈಮೀರಿದ ಕಾರಣಕ್ಕೆ ಪರಿಹಾರ ಸಿಗುವುದಿಲ್ಲ.

'ಕಡಿಮೆಯೋ ಅಷ್ಟು' ಎಂಬುದು ನನಗೆ ಸರಿಕಾಣದ ಮಾತು. ಎರಡು ಸಾವಿರದ ಟಿಕೆಟ್ ಕೊಂಡ ಬಡವನ ದಿನಕ್ಕೂ ಬೆಲೆ ಇದೆ. ಆದರೂ ಕೇಳದೆ ಬಿಡಬೇಡಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಜಗಳವಾಡುವುದಕ್ಕಿಂತ ತಡವಾದುದಕ್ಕೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯುವುದು ಮೇಲು. ಕಂಪನಿ ಸ್ಪಂದಿಸದಿದ್ದರೆ ಸಚಿವಾಲಯದ ಏರ್‌ಸೇವಾ ತಾಣವಿದೆ, 1915 ಗ್ರಾಹಕ ಸಹಾಯವಾಣಿಯಿದೆ.

ಎರಡು ಕಂಪನಿಗಳ ಟಿಕೆಟ್ ಬೇರೆ ಬೇರೆ ಕೊಂಡರೆ ಇನ್ನೂ ಅಗ್ಗವಾಗುತ್ತದೆ. ಕೊಳ್ಳಬಹುದೇ?

ಬೇಡ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಬೆಳಗಾವಿಯ ತಂಗಿ ಮತ್ತು ಅವಳ ಯಜಮಾನರಿಗೆ ಕಾಶಿಗೆ ಹೋಗಲು ಬೆಂಗಳೂರಿನವರೆಗೆ ಒಂದು ಕಂಪನಿ, ಅಲ್ಲಿಂದ ಇನ್ನೊಂದು ಕಂಪನಿಯ ಟಿಕೆಟ್ ತೆಗೆದುಕೊಟ್ಟೆ. ಇಬ್ಬರಿಂದ ಮೂರು ಸಾವಿರ ಉಳಿದಿತ್ತು. ಮೊದಲ ವಿಮಾನ ಎರಡು ಗಂಟೆ ತಡವಾಗಿ ಇಳಿಯಿತು. ಪೆಟ್ಟಿಗೆ ಬರುವುದನ್ನು ಕಾದು, ಹೊರಗೆ ಬಂದು, ಇನ್ನೊಂದು ಟರ್ಮಿನಲ್ಲಿಗೆ ಓಡುವಷ್ಟರಲ್ಲಿ ಕೌಂಟರು ಮುಚ್ಚಿತ್ತು. ಮೊದಲ ಕಂಪನಿ, 'ನಾವು ನಿಮ್ಮನ್ನು ಬೆಂಗಳೂರಿಗೆ ತಲುಪಿಸಿದ್ದೇವೆ' ಎಂದಿತು. ಎರಡನೆಯದು, 'ನೀವು ಬರಲಿಲ್ಲ' ಎಂದಿತು. ನಿಯಮದ ಪ್ರಕಾರ ಎರಡೂ ಸರಿಯೇ. ಮರುದಿನದ ಹೊಸ ಟಿಕೆಟಿಗೆ ಹತ್ತೊಂಬತ್ತು ಸಾವಿರ ಹೋಯಿತು, ಮೊದಲೇ ನಿಗದಿಯಾಗಿದ್ದ ಪೂಜೆಯೂ ತಪ್ಪಿತು. ತಂಗಿ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು.

ಒಂದೇ ಪಿಎನ್‌ಆರ್‌ನಲ್ಲಿ ಕೊನೆಯ ಊರಿನವರೆಗೆ ಟಿಕೆಟ್ ಇದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಹೊಣೆ. ಮೂರು ಸಾವಿರಕ್ಕಾಗಿ ನಾನು ಬಿಟ್ಟುಕೊಟ್ಟದ್ದು ಅದನ್ನೇ.

ಬೆಂಗಳೂರು–ಹುಬ್ಬಳ್ಳಿಯಂಥ ದೂರಕ್ಕೆ ವಿಮಾನ ತಕ್ಕದ್ದೇ?

ಗಾಳಿಯಲ್ಲಿ ಒಂದು ಗಂಟೆಯ ಚಿಲ್ಲರೆ, ನಿಜ. ಬನಶಂಕರಿಯಿಂದ ದೇವನಹಳ್ಳಿಗೆ ಎರಡು ಗಂಟೆ, ಚೆಕ್-ಇನ್ ಕೌಂಟರು ಹೊರಡುವ ಗಂಟೆ ಮೊದಲೇ ಮುಚ್ಚುವುದರಿಂದ ಅಲ್ಲಿ ಒಂದೂವರೆ ಗಂಟೆ, ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣದಲ್ಲಿ ಇಳಿದು ಮನೆ ಸೇರಲು ಇನ್ನೊಂದು ಗಂಟೆ. ಕೂಡಿಸಿದರೆ ಐದೂವರೆ ಗಂಟೆ. 2023ರ ಜೂನ್‌ನಿಂದ ಓಡುತ್ತಿರುವ ವಂದೇ ಭಾರತ್ ಮೆಜೆಸ್ಟಿಕ್ ಪಕ್ಕದಿಂದ ಹೊರಟು ಸುಮಾರು ಆರು ಗಂಟೆಯಲ್ಲಿ ಹುಬ್ಬಳ್ಳಿಗೆ ಮುಟ್ಟಿಸುತ್ತದೆ. ರಾತ್ರಿ ಬಸ್ಸಿನ ಗಂಟೆಗಳಂತೂ ಹೇಗೂ ನಿದ್ದೆಯವು. ವಿಮಾನ ನಿಲ್ದಾಣಕ್ಕೆ ಹತ್ತಿರ, ಹೆಬ್ಬಾಳದ ಆಚೆ ಮನೆಯಿರುವವರ ಲೆಕ್ಕ ಬೇರೆ. ಉಳಿದವರು ಈ ದೂರಕ್ಕೆ ವಿಮಾನ ಹತ್ತುವುದು ನನಗೆ ಅರ್ಥವಾಗುವುದಿಲ್ಲ.

ಸಣ್ಣ ಊರುಗಳ ವಿಮಾನಕ್ಕೆ ಇನ್ನೊಂದು ತೊಡಕಿದೆ. ಇಂಥ ಊರುಗಳಿಗೆ ವಿಮಾನ ತರಲು ಕೇಂದ್ರ ಸರ್ಕಾರ ಮಾಡಿದ ಉಡಾನ್ ಯೋಜನೆಯ ನೆರವು ಒಂದು ಮಾರ್ಗಕ್ಕೆ ಸಿಗುವುದು ಮೂರು ವರ್ಷ. 2019ರಲ್ಲಿ ಕಲಬುರಗಿ, 2020ರಲ್ಲಿ ಬೀದರ್, 2023ರಲ್ಲಿ ಶಿವಮೊಗ್ಗ ಎಂದು ನಿಲ್ದಾಣಗಳು ತೆರೆದವು, ಜನ ಸಂಭ್ರಮಿಸಿದರು, ನಾನೂ ಸಂಭ್ರಮಿಸಿದೆ. ನೆರವು ಮುಗಿದ ಮೇಲೆ ಮಾರ್ಗ ಉಳಿಯುವುದು ಸೀಟು ತುಂಬಿದರೆ ಮಾತ್ರ. ತಿಂಗಳುಗಟ್ಟಲೆ ಮೊದಲು ಟಿಕೆಟ್ ಕೊಂಡಿದ್ದರೆ ವೇಳಾಪಟ್ಟಿಯನ್ನು ಆಗಾಗ ನೋಡುತ್ತಿರಿ.

ಅಗ್ಗ ಎಂದರೆ ಸುರಕ್ಷತೆಯಲ್ಲಿ ರಾಜಿಯೇ?

ಕರಾವಳಿಯವರು ಇದನ್ನು ಕೇಳುವಾಗ ಧ್ವನಿ ತಗ್ಗುತ್ತದೆ. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು, ಎಂಟು ಜನ ಉಳಿದರು. ದುಡಿಯಲು ಹೋದವರು ರಜೆಗೆ ಬರುತ್ತಿದ್ದ ವಿಮಾನ. ಇಳಿಯುವ ಕ್ರಮ ಸರಿಯಿಲ್ಲವೆಂದು ಸಹ ಪೈಲಟ್ ಎಚ್ಚರಿಸಿದರೂ ಕ್ಯಾಪ್ಟನ್ ಮತ್ತೆ ಮೇಲೇರದೆ ಇಳಿಸಲು ಮುಂದಾದದ್ದೇ ಕಾರಣವೆಂದು ತನಿಖೆ ಹೇಳಿತು. ಊಟ ಕೊಡದಿದ್ದುದಕ್ಕೂ ಅದಕ್ಕೂ ಸಂಬಂಧವಿಲ್ಲ. ಪೈಲಟ್ ಪರವಾನಗಿ, ಎಂಜಿನ್ ತಪಾಸಣೆ, ವಿಶ್ರಾಂತಿಯ ಗಂಟೆಗಳು ಎಲ್ಲ ಕಂಪನಿಗಳಿಗೂ ಒಂದೇ ನಿಯಮದಡಿ ಬರುತ್ತವೆ. ನಾನು ದರ ನೋಡಿ ಹೆದರುವುದಿಲ್ಲ. ಆದರೆ ಸಂಬಳ ಕೊಡಲಾಗದ, ಬಾಡಿಗೆ ಕಟ್ಟಲಾಗದ ಕಂಪನಿಯ ಸುದ್ದಿ ಬರುತ್ತಿದ್ದರೆ ಅದರಲ್ಲಿ ಮೂರು ತಿಂಗಳು ಮೊದಲೇ ಟಿಕೆಟ್ ಕೊಳ್ಳುವುದಿಲ್ಲ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಠಾತ್ತನೆ ನಿಂತಾಗ ಮುಂಗಡ ಕಟ್ಟಿದವರ ಹಣ ಸಿಕ್ಕಿಬಿದ್ದಿತು.

ಯುರೋಪಿನಲ್ಲಿ ಹತ್ತು-ಇಪ್ಪತ್ತು ಯೂರೋ ಟಿಕೆಟ್ ನಿಜವೇ?

ನಿಜ, ಆದರೆ ಊರಿನ ಹೆಸರನ್ನು ನಂಬಬೇಡಿ. ರಯಾನ್‌ಏರ್‌ನ 'ಪ್ಯಾರಿಸ್ ಬೋವೆ' ಪ್ಯಾರಿಸ್‌ನಿಂದ ಎಂಬತ್ತು ಕಿಲೋಮೀಟರಿಗೂ ದೂರ. 'ಫ್ರಾಂಕ್‌ಫರ್ಟ್ ಹಾನ್' ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿಲೋಮೀಟರ್. ಮಂಡ್ಯದಲ್ಲಿ ಇಳಿಸಿ ಬೆಂಗಳೂರು ಎಂದಂತೆ. ಅಗ್ಗದ ದರದಲ್ಲಿ ಸೀಟಿನ ಕೆಳಗೆ ಹಿಡಿಸುವ ಚೀಲಕ್ಕೆ ಮಾತ್ರ ಜಾಗ. ಭಾರತೀಯ ಪಾಸ್‌ಪೋರ್ಟ್ ಇರುವವರು ಕೌಂಟರಿನಲ್ಲಿ ವೀಸಾ ಪರಿಶೀಲನೆ ಮಾಡಿಸಿಕೊಳ್ಳಬೇಕು. ಮೊಬೈಲಿನಲ್ಲಿ ಪಾಸ್ ಇದೆಯೆಂದು ನೇರ ಗೇಟಿಗೆ ಹೋಗಬೇಡಿ. ಅಲ್ಲಿನ ಕಾನೂನು ಮಾತ್ರ ನಮ್ಮದಕ್ಕಿಂತ ಗಟ್ಟಿ: 1,500 ಕಿಲೋಮೀಟರಿನೊಳಗಿನ ಹಾರಾಟ ಕಂಪನಿಯ ತಪ್ಪಿನಿಂದ ಮೂರು ಗಂಟೆ ತಡವಾದರೆ, ಹತ್ತು ಯೂರೋ ಟಿಕೆಟಿಗೂ 250 ಯೂರೋ ಪರಿಹಾರ.

'ಹಣ ವಾಪಸ್ ಇಲ್ಲ' ಎಂದಿದ್ದರೆ ಏನೂ ಬರುವುದಿಲ್ಲವೇ?

ಬರುತ್ತದೆ. ಶಾಸನಬದ್ಧ ತೆರಿಗೆಗಳು, ನಿಲ್ದಾಣ ಬಳಕೆಯ ಶುಲ್ಕ ಇವನ್ನು ಕಂಪನಿ ಹಿಂದಿರುಗಿಸಲೇಬೇಕು, ನೀವು ಮೊದಲೇ ತಿಳಿಸದೆ ವಿಮಾನ ಹತ್ತದೇ ಉಳಿದರೂ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕವನ್ನು ಮೀರುವಂತಿಲ್ಲ. ಅಗ್ಗದ ಟಿಕೆಟಿನಲ್ಲಿ ಈ ತೆರಿಗೆ-ಶುಲ್ಕವೇ ದೊಡ್ಡ ಪಾಲಿರಬಹುದು. ಬಿಟ್ಟುಕೊಡಬೇಡಿ.

ವಯಸ್ಸಾದ ತಂದೆ-ತಾಯಿಯನ್ನು ಮೊದಲ ಸಲ ಕಳಿಸುತ್ತಿದ್ದೇನೆ. ಬಜೆಟ್ ವಿಮಾನ ಸಾಕೇ?

ಸಾಕು, ನೇರ ವಿಮಾನವಾದರೆ. ನಡೆಯಲು ಕಷ್ಟವಿದ್ದರೆ ಗಾಲಿಕುರ್ಚಿಯನ್ನು 48 ಗಂಟೆ ಮೊದಲೇ ಟಿಕೆಟಿನಲ್ಲಿ ನಮೂದಿಸಿ. ಮಧುಮೇಹವಿರುವವರ ಕೈಚೀಲದಲ್ಲಿ ಮಾತ್ರೆಯ ಜೊತೆ ತಿನ್ನಲು ಏನಾದರೂ ಇರಲಿ. ಒಳಗೆ ಕುಡಿಯುವ ನೀರು ಕೇಳಿದರೆ ಕೊಡುತ್ತಾರೆ, ಹಣವಿಲ್ಲ ಎಂದು ಅವರಿಗೆ ಮೊದಲೇ ಹೇಳಿ. ಎಷ್ಟೋ ಹಿರಿಯರು ಕಾಸು ಕೇಳುತ್ತಾರೆಂಬ ಸಂಕೋಚದಿಂದ ಬಾಯಾರಿಕೊಂಡೇ ಕೂರುತ್ತಾರೆ. ಟಿಕೆಟಿನ ಮುದ್ರಿತ ಪ್ರತಿ, ಗುರುತಿನ ಚೀಟಿ, ನಿಮ್ಮ ನಂಬರು ಬರೆದ ಚೀಟಿ ಒಂದೇ ಲಕೋಟೆಯಲ್ಲಿರಲಿ. ಯಾವ ಟರ್ಮಿನಲ್ ಎಂಬುದನ್ನು ಲಕೋಟೆಯ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿಯೇ ಬರೆಯಿರಿ.

ಮತ್ತೆ, ಸೀಟಿಗೆ ಹಣ ಕೊಡಬೇಡಿ ಎಂದೆನಲ್ಲ, ಅದು ಇವರಿಗೆ ಅನ್ವಯಿಸುವುದಿಲ್ಲ. ಇಬ್ಬರಿಗೂ ಅಕ್ಕಪಕ್ಕದ ಸೀಟು ಕೊಳ್ಳಿ, ಒಂದು ಕಿಟಕಿಯದಿರಲಿ. ನನ್ನ ತಾಯಿ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಹಾರಿದಾಗ ಮುನ್ನೂರು ರೂಪಾಯಿ ಕೊಟ್ಟು ಕೊಂಡ ಕಿಟಕಿ ಅದು. ಊರು ತಲುಪಿದ ಮೇಲೆ ಅವರು ಫೋನಿನಲ್ಲಿ ಹೇಳಿದ್ದೆಲ್ಲ ಕೆರೆಗಳ ಬಗ್ಗೆಯೇ: ಮೇಲಿನಿಂದ ನೋಡಿದರೆ ನಮ್ಮ ನೆಲದಲ್ಲಿ ಇನ್ನೂ ಇಷ್ಟು ಕೆರೆಗಳಿವೆ ಎಂದು.